ತರಕಾರಿ ತೋಟ ನೋಡೋಕೂ ಚೆಂದ ಇರಬೇಕು: ಎಲ್ಲಿಂದ ಶುರು ಮಾಡೋದು?

ಚಿಗುರೆಲೆ
ಮನೆ ಪಕ್ಕ 6 ಮೀಟರ್ ಉದ್ದ, 5 ಮೀಟರ್ ಅಗಲದ ಖಾಲಿ ಜಾಗ ಇದೆ. ಉದ್ದ ಇರೋದು ಪೂರ್ವ-ಪಶ್ಚಿಮವಾಗಿ. ಉತ್ತರಕ್ಕೆ ಆಳೆತ್ತರದ ಗೋಡೆ, ಉಳಿದ ಮೂರು ಕಡೆ ಬಯಲು. ದಿನಕ್ಕೆ ಸುಮಾರು 7 ಗಂಟೆ ಬಿಸಿಲು. ಮಣ್ಣು ಜಿಗಟು, ಮೇಲೆ ಗರಿಕೆ ಹಬ್ಬಿದೆ. ಬರೀ ತರಕಾರಿ ಸಾಲು ಬೇಡ. ತರಕಾರಿ, ಸೊಪ್ಪು, ಮೂಲಿಕೆ, ಹೂ ಎಲ್ಲ ಬೆರೆತು ಕಣ್ಣಿಗೂ ಹಿತವಾಗಿರಬೇಕು, ದಿನಾ ಕೊಯ್ಯೋಕೂ ಸಿಗಬೇಕು. ಫೋಟೊಗಳಲ್ಲಿ ಕಾಣುವ ನಕ್ಷತ್ರ, ವೃತ್ತದ ವಿನ್ಯಾಸ ತುಂಬಾ ಇಷ್ಟ. ಆದರೆ ಕೊಯ್ದ ಮೇಲೆ ಎಲ್ಲ ಬೋಳಾಗಲ್ವಾ? ಮಡಿ ಎಷ್ಟು ಅಗಲ, ದಾರಿ ಎಷ್ಟು, ಯಾವ ಗಿಡ ಎಲ್ಲಿ? ಗೊತ್ತಿರೋರು ಹೇಳಿ.

ಕಳೆಗುದ್ದಲಿ
ವಿನ್ಯಾಸ ಆಮೇಲೆ, ಮೊದಲು ಗರಿಕೆ. ಅದನ್ನು ಉಳುಮೆ ಯಂತ್ರದಲ್ಲಿ ತಿರುವಿ ಹಾಕಿದರೆ ನೂರು ತುಂಡಾಗುತ್ತೆ, ಪ್ರತಿ ಗೆಣ್ಣಲ್ಲೂ ಹೊಸ ಗಿಡ ಏಳುತ್ತೆ. ರಟ್ಟು ಹಾಸಿ ಮೇಲೆ ಗೊಬ್ಬರ ಸುರಿದರೆ ಸಾಕು ಅನ್ನುವ ಸಲಹೆ ಮಾಮೂಲಿ ಕಳೆಗೆ ಸರಿ, ಗರಿಕೆ ಅದನ್ನು ತೂರಿಕೊಂಡು ಬರುತ್ತೆ. ಹೀಗೆ ಮಾಡಿ: ವರ್ಷದ ಅತಿ ಬಿಸಿಲಿನ ತಿಂಗಳಲ್ಲಿ ನೆಲವನ್ನು ಚೆನ್ನಾಗಿ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಟಿದಂತೆ ಹಾಸಿ, ಅಂಚನ್ನೆಲ್ಲ ಮಣ್ಣಲ್ಲಿ ಹೂತು 4ರಿಂದ 6 ವಾರ ಬಿಡಿ. ಆಮೇಲೆ ಮುಳ್ಳುಗುದ್ದಲಿಯಲ್ಲಿ 20 ಸೆಂ.ಮೀ. ಆಳದವರೆಗೆ ಎಬ್ಬಿಸಿ, ಉಳಿದ ಬೇರನ್ನು ಕೈಯಲ್ಲೇ ಆರಿಸಿ. ಈ ಕೆಲಸ ಅರ್ಧಕ್ಕೆ ಬಿಟ್ಟು ಅಂಚಿಗೆ ಇಟ್ಟಿಗೆ ಜೋಡಿಸಿದರೆ ಇಟ್ಟಿಗೆ ಸಂದಿನಲ್ಲಿ ಗರಿಕೆ ಶಾಶ್ವತವಾಗಿ ಉಳಿಯುತ್ತೆ.

ಅಳತೆಪಟ್ಟಿ
ನಕ್ಷತ್ರ ಬಿಟ್ಟುಬಿಡಿ. ಮಡಿಯ ಮೂಲೆ ಚೂಪಾದಷ್ಟೂ ಅಲ್ಲಿ ಮಣ್ಣು ಕಡಿಮೆ. ಬೇಗ ಒಣಗುತ್ತೆ, ಗಿಡ ಕುಂಠಿತ ಆಗುತ್ತೆ, ಅಂಚಿನ ಖರ್ಚು ಮಾತ್ರ ಹೆಚ್ಚು.

ನಿಮ್ಮ ಅಳತೆಗೆ ಲೆಕ್ಕ ಹೇಳ್ತೀನಿ. ಉತ್ತರದ ಗೋಡೆಗೆ ಒತ್ತಿ 60 ಸೆಂ.ಮೀ. ಅಗಲದ ಒಂದು ಉದ್ದ ಮಡಿ, ಅದು ಬಳ್ಳಿಗಳಿಗೆ. ಒಂದೇ ಕಡೆಯಿಂದ ಕೈ ಎಟುಕಬೇಕಾದ ಮಡಿ 60ಕ್ಕಿಂತ ಅಗಲ ಇರಬಾರದು. ಅದರ ಮುಂದೆ 60 ಸೆಂ.ಮೀ. ದಾರಿ. ಆಮೇಲೆ 2.4 ಮೀ. ಉದ್ದ, 1.2 ಮೀ. ಅಗಲದ ನಾಲ್ಕು ಮಡಿ, ಎರಡೆರಡು ಅಕ್ಕಪಕ್ಕ. 1.2 ಯಾಕೆಂದರೆ ಎರಡೂ ಬದಿಯಿಂದ 60, 60 ಎಟುಕುತ್ತೆ, ಮಡಿ ಮೇಲೆ ಕಾಲಿಡುವ ಅಗತ್ಯವೇ ಇಲ್ಲ. ಜಿಗಟು ಮಣ್ಣನ್ನು ಒಮ್ಮೆ ಒದ್ದೆಯಲ್ಲಿ ತುಳಿದರೆ ಗಟ್ಟಿಯಾಗಿ ಬೇರು ಇಳಿಯಲ್ಲ. ನಡುವೆ ಉತ್ತರ-ದಕ್ಷಿಣ ದಾರಿ 90 ಸೆಂ.ಮೀ. ಇರಲಿ, ತಳ್ಳುಗಾಡಿ ಹೋಗಬೇಕು. ಅಡ್ಡದಾರಿ 60 ಸಾಕು. ದಕ್ಷಿಣದ ತುದಿಯಲ್ಲಿ 80 ಸೆಂ.ಮೀ. ಉಳಿಯುತ್ತೆ: 50 ದಾರಿಗೆ, 30 ಗಿಡ್ಡ ಹೂವಿನ ಅಂಚಿಗೆ.

ಒಟ್ಟು 30 ಚದರ ಮೀಟರಲ್ಲಿ ಬೆಳೆಗೆ ಸಿಗೋದು 15ರ ಆಸುಪಾಸು. ಅರ್ಧ ಜಾಗ ದಾರಿಗೆ ಹೋಯ್ತು ಅಂತ ಬೇಜಾರು ಬೇಡ. ಬೆಳೆ ಇಲ್ಲದ ದಿನವೂ ತೋಟಕ್ಕೆ ಆಕಾರ ಕೊಡೋದು ಆ ದಾರಿಗಳೇ.

ಬಣ್ಣದಬುಟ್ಟಿ
ಲೆಕ್ಕ ಸರಿ, ಆದರೆ ನಾಲ್ಕು ಆಯತ ನೋಡೋಕೆ ಸಪ್ಪೆ. ನಾಲ್ಕೂ ಮಡಿಗಳ ಒಳಮೂಲೆಯನ್ನು 40 ಸೆಂ.ಮೀ. ಓರೆಯಾಗಿ ಕತ್ತರಿಸಿ. ನಡುವೆ ಎಂಟು ಮೂಲೆಯ ಪುಟ್ಟ ಅಂಗಳ ಸಿಗುತ್ತೆ. ಅಲ್ಲಿ ಎತ್ತರದ ಕುಂಡದಲ್ಲಿ ರೋಸ್ಮೆರಿ ಇಟ್ಟರೆ ಕಣ್ಣು ನೇರ ಅಲ್ಲಿಗೇ ಹೋಗುತ್ತೆ. ಕಳೆದುಕೊಳ್ಳುವ ನೆಲ ಪ್ರತಿ ಮಡಿಗೆ 0.08 ಚದರ ಮೀಟರ್ ಅಷ್ಟೇ.

ಅಳತೆಪಟ್ಟಿ
ಇದು ಒಳ್ಳೇದು. ತಳ್ಳುಗಾಡಿ ತಿರುಗಿಸೋಕೂ ಸಲೀಸು. ಕುಂಡ ತೀರಾ ದಪ್ಪ ಬೇಡ, 40 ಸೆಂ.ಮೀ. ವ್ಯಾಸದೊಳಗೆ ಇರಲಿ.

ಎರೆಹುಳ
ಮಣ್ಣಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ‘ಜಿಗಟು’ ಅಂದರೆ ಎಷ್ಟು ಜಿಗಟು? ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಪಾತ್ರೆ ತೊಳೆಯುವ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದೊಳಗೆ ತಳಕ್ಕೆ ಕೂರೋದು ಮರಳು, ಎರಡು ಗಂಟೆಯೊಳಗೆ ಕೂರೋದು ನಯವಾದ ಗೋಡು, ಒಂದೆರಡು ದಿನ ತಗೊಳ್ಳೋದು ಜೇಡಿ. ಪದರ ಅಳೆದರೆ ಪಾಲು ಗೊತ್ತಾಗುತ್ತೆ.

ಆಮೇಲೆ ನೀರು ಬಸಿಯುತ್ತಾ ನೋಡಿ. 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿ, ಪೂರ್ತಿ ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಎರಡನೇ ಸಲ ಗಂಟೆಗೆ 2.5 ಸೆಂ.ಮೀ. ಇಳಿದರೂ ತರಕಾರಿಗೆ ನಡೆಯುತ್ತೆ. ಅದಕ್ಕಿಂತ ನಿಧಾನ ಆದರೆ ಏರುಮಡಿಯೇ ದಾರಿ.

ಏರುಮಡಿ ಅಂದ ತಕ್ಷಣ ಎತ್ತರದ ಪೆಟ್ಟಿಗೆ ಕಟ್ಟಿಸಬೇಡಿ. 20 ಸೆಂ.ಮೀ. ಸಾಕು, ಕೆಳಗಿನ ಮಣ್ಣನ್ನು ಸಡಿಲಿಸಿದ್ದರೆ ಬೇರು ಅಲ್ಲಿಗೂ ಇಳಿಯುತ್ತೆ. ಒಂದು ಮಡಿಗೆ 2.4 × 1.2 × 0.2 ಅಂದರೆ ಸುಮಾರು 575 ಲೀಟರ್ ತುಂಬುಮಣ್ಣು. ದಾರಿಗಳ ಮೇಲ್ಮಣ್ಣನ್ನು ಬಗೆದು ಮಡಿಗೆ ಹಾಕಿ, ಅದರ ಮೂರನೇ ಒಂದು ಭಾಗದಷ್ಟು ಕಳಿತ ಗೊಬ್ಬರ ಬೆರೆಸಿ. ಜಿಗಟು ಹೋಗಲಿ ಅಂತ ಮರಳು ಬೆರೆಸಬೇಡಿ. ಸ್ವಲ್ಪ ಮರಳು ಜೇಡಿಗೆ ಸೇರಿದರೆ ಒಣಗಿದಾಗ ಇನ್ನೂ ಗಟ್ಟಿ. ಜೇಡಿ ಬಿಡಿಸೋದು ಗೊಬ್ಬರವೇ, ಪ್ರತಿ ವರ್ಷ 3ರಿಂದ 5 ಸೆಂ.ಮೀ. ಮೇಲೆ ಹಾಸುತ್ತಾ ಬನ್ನಿ, ಅಗೆಯೋದೂ ಬೇಡ.

ಹನಿಹನಿ
ಮರದ ಚಕ್ಕೆ ಬೆರೆಸಬಹುದಾ ಅಂತ ಮುಂದೆ ಯಾರಾದ್ರೂ ಕೇಳೇ ಕೇಳ್ತಾರೆ. ದಾರಿಗೆ ಹಾಸಿ, 7-8 ಸೆಂ.ಮೀ. ದಪ್ಪಕ್ಕೆ. ಮಣ್ಣಿನೊಳಗೆ ಮಾತ್ರ ಬೆರೆಸಬಾರದು. ಚಕ್ಕೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕ ಎಳೆದುಕೊಂಡು ಗಿಡ ಹಳದಿ ಆಗುತ್ತೆ.

ಎರೆಹುಳ
ಹೌದು. ಇನ್ನೊಂದು ಎಚ್ಚರಿಕೆ, ಇದು ಮುಖ್ಯ. ಹೊರಗಿನಿಂದ ತರುವ ಕೊಟ್ಟಿಗೆ ಗೊಬ್ಬರದಲ್ಲಿ ಕೆಲವೊಮ್ಮೆ ಕಳೆನಾಶಕದ ಶೇಷ ಇರುತ್ತೆ. ಅಮೈನೋಪೈರಾಲಿಡ್ ಥರದವು ಹುಲ್ಲಿನಿಂದ ದನದ ಹೊಟ್ಟೆ ದಾಟಿ ಸಗಣಿಗೂ ಬರುತ್ತವೆ, ಗೊಬ್ಬರ ಕಳಿತ ಮೇಲೂ ಉಳಿಯುತ್ತವೆ. ಮೂರು ಕುಂಡದಲ್ಲಿ ಆ ಗೊಬ್ಬರ ಬೆರೆಸಿದ ಮಣ್ಣು, ಮೂರರಲ್ಲಿ ಗೊಬ್ಬರ ಇಲ್ಲದ ಮಣ್ಣು ಹಾಕಿ ಎಲ್ಲದರಲ್ಲೂ ಬೀನ್ಸ್ ಬಿತ್ತಿ. ಮೂರು ವಾರದಲ್ಲಿ ಗೊಬ್ಬರದ ಕುಂಡದಲ್ಲಿ ಮಾತ್ರ ಎಲೆ ಬಟ್ಟಲಿನಂತೆ ಮುದುಡಿದರೆ ಆ ರಾಶಿಯನ್ನು ತೋಟದೊಳಗೆ ತರಲೇಬೇಡಿ. ಇನ್ನು ಹಸಿ ಸಗಣಿ ಹಾಕಿದ ನೆಲದಿಂದ ಮಣ್ಣಿಗೆ ತಾಗುವ ಸೊಪ್ಪು, ಗಡ್ಡೆ ಕೊಯ್ಯೋಕೆ ಕನಿಷ್ಠ 120 ದಿನ ಕಾಯಬೇಕು.

ಚಿಗುರೆಲೆ
ಬೀನ್ಸ್ ಪರೀಕ್ಷೆ ಗೊತ್ತೇ ಇರಲಿಲ್ಲ, ಧನ್ಯವಾದ. ಮಡಿಯ ಅಂಚಿಗೆ ಹಳೇ ರೈಲ್ವೆ ಮರದ ದಿಮ್ಮಿ ಹಾಕಬಹುದಾ? ನೋಡೋಕೆ ತುಂಬಾ ಚೆನ್ನಾಗಿರುತ್ತೆ.

ಅಳತೆಪಟ್ಟಿ
ಖಂಡಿತ ಬೇಡ. ಮರ ಕೊಳೆಯದಿರಲಿ ಅಂತ ಅದಕ್ಕೆ ಕ್ರಿಯೋಸೋಟ್ ಅನ್ನುವ ವಿಷದ ಎಣ್ಣೆ ಕುಡಿಸಿರುತ್ತಾರೆ. ಹಳೇ ಟೈರೂ ಬೇಡ. ಇಟ್ಟಿಗೆ, ಕಲ್ಲು, ಅಥವಾ ರಾಸಾಯನಿಕ ಹಚ್ಚದ ಗಟ್ಟಿ ಮರ ನೋಡಿ. ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಮೂರನೇ ಒಂದು ಭಾಗ ಹೂತರೆ ವಾಲಲ್ಲ.

ಹಳೇಬೇರು
ಈ ವಿನ್ಯಾಸ ಗಿನ್ಯಾಸ ಎಲ್ಲ ರಾಜಮಹಾರಾಜರ ಷೋಕಿ. ನೇರ ಸಾಲು ಹಾಕಿ, ಗೊಬ್ಬರ ಹಾಕಿ, ನೀರು ಬಿಡಿ. ತರಕಾರಿ ಬರುತ್ತೆ.

ಬಣ್ಣದಬುಟ್ಟಿ
ರಾಜರ ತೋಟಗಳೂ ಹೊಟ್ಟೆಗೇ ಬೆಳೆದಿದ್ದು. ವರ್ಸೈಲ್ಸ್‌ನಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿಗೆ ಅವನ ತೋಟಗಾರ ಲಾ ಕ್ಯಾಂಟಿನಿ 1678ರಿಂದ 1683ರ ನಡುವೆ ಕಟ್ಟಿದ ಅಡುಗೆ ತೋಟ ಸುಮಾರು 9 ಹೆಕ್ಟೇರ್. ಬಿಸಿ ಹಿಡಿಯಲು ಎತ್ತರದ ಗೋಡೆ, ಗೋಡೆಗೆ ಒರಗಿಸಿ ಬೆಳೆಸಿದ ಹಣ್ಣಿನ ಮರ, ಹಸಿ ಗೊಬ್ಬರದ ಕಾವಿನಲ್ಲಿ ಕಾಲಕ್ಕೆ ಮೊದಲೇ ತೆಗೆದ ಬೆಳೆ. ಅಂದಕ್ಕೂ ಬೆಳೆಗೂ ಜಗಳವೇ ಇರಲಿಲ್ಲ.

ನಮಗೆ ಇನ್ನೂ ಹೆಚ್ಚು ಉಪಯೋಗ ಆಗೋದು ಫ್ರಾನ್ಸಿನದೇ ವಿಲಾಂಡ್ರಿ ಕೋಟೆಯ ತೋಟ. 1906ರಲ್ಲಿ ಯೋಕಿಂ ಕಾರ್ವಾಲ್ಲೊ ಅನ್ನುವವರು ಕೊಂಡು, ಆಮೇಲೆ ಮತ್ತೆ ರೂಪಿಸಿದ ಜಾಗ ಅದು. ಅಲ್ಲಿನ ಅಡುಗೆ ತೋಟದಲ್ಲಿ ಒಂದೇ ಅಳತೆಯ ಒಂಬತ್ತು ಚೌಕ, ಪ್ರತಿಯೊಂದರೊಳಗೆ ಬೇರೆ ಬೇರೆ ರೇಖಾವಿನ್ಯಾಸ. ವರ್ಷಕ್ಕೆ ಎರಡು ಸಲ ಬೆಳೆ ಪೂರ್ತಿ ಬದಲಾಗುತ್ತೆ, ವಿನ್ಯಾಸ ಬದಲಾಗಲ್ಲ. ಚಿಗುರೆಲೆ ಅವರೇ, ಕೊಯ್ದ ಮೇಲೆ ಬೋಳಾಗಲ್ವಾ ಅಂದ್ರಲ್ಲ, ಉತ್ತರ ಇಲ್ಲೇ ಇದೆ. ಅಲ್ಲಿ ಚಿತ್ರ ಬಿಡಿಸಿರೋದು ಎಲೆಕೋಸಲ್ಲ, ಗಿಡ್ಡ ಬೇಲಿ. ಬೆಳೆ ಒಳಗೆ ತುಂಬುವ ಬಣ್ಣ ಮಾತ್ರ.

ಕಳೆಗುದ್ದಲಿ
ಆ ಗಿಡ್ಡ ಬೇಲಿಯ ಪೊದೆಗಿಡ ಬಾಕ್ಸ್‌ವುಡ್. ಈಗ ಅದಕ್ಕೆ ಎಲೆ ಉದುರಿಸುವ ಶಿಲೀಂಧ್ರ ರೋಗ, ಜೊತೆಗೆ ಬಾಕ್ಸ್ ಪತಂಗದ ಹುಳು. ಹೊಸ ತೋಟಕ್ಕೆ ಅದನ್ನು ತರಬೇಡಿ. ಬೇಲಿಯ ಬೇರು ಮಡಿಯೊಳಗೆ ನುಗ್ಗಿ ಗೊಬ್ಬರ ತಿನ್ನುತ್ತೆ, ಬುಡದ ನೆರಳಲ್ಲಿ ಗೊಂಡೆಹುಳ (ಚಿಪ್ಪಿಲ್ಲದ ಬಸವನಹುಳು) ಸೇರುತ್ತೆ. ಇಷ್ಟು ಸಣ್ಣ ಜಾಗಕ್ಕೆ ತಿನ್ನುವ ಅಂಚೇ ಸರಿ: ಥೈಮ್, ಚೈವ್ಸ್, ಪಾರ್ಸ್ಲಿ. 20-25 ಸೆಂ.ಮೀ. ಅಂತರ ಕೊಟ್ಟರೆ ಕೆಲವೇ ತಿಂಗಳಲ್ಲಿ ಕೂಡಿಕೊಳ್ಳುತ್ತೆ.

ಸೊಪ್ಪಿನಮಡಿ
ಥೈಮ್ ಎಲ್ಲ ಮಡಿಗೂ ಅಂಚು ಆಗಲ್ಲ. ಮೂಲಿಕೆಗಳನ್ನು ‘ಮೂಲಿಕೆ’ ಅನ್ನುವ ಒಂದೇ ಗುಂಪು ಮಾಡಿ ನೆಡೋದೇ ದೊಡ್ಡ ತಪ್ಪು. ಥೈಮ್, ರೋಸ್ಮೆರಿ, ಸೇಜ್, ಒರೆಗಾನೊ ಇವಕ್ಕೆ ಬಿಸಿಲು, ಬಸಿಯುವ ಮಣ್ಣು, ಕಡಿಮೆ ಗೊಬ್ಬರ. ಲೆಟ್ಯೂಸ್‌ಗೆ ಬಿಡುವಷ್ಟು ನೀರು ಬಿಟ್ಟರೆ ಬೇರು ಕೊಳೆಯುತ್ತೆ, ಹೆಚ್ಚು ಗೊಬ್ಬರ ಕೊಟ್ಟರೆ ಘಮ ಹೋಗುತ್ತೆ. ಕಾಮಕಸ್ತೂರಿ, ಪಾರ್ಸ್ಲಿ, ಕೊತ್ತಂಬರಿ, ಚೈವ್ಸ್ ಇವಕ್ಕೆ ತರಕಾರಿಯಷ್ಟೇ ನೀರು, ಅವನ್ನು ತರಕಾರಿ ಮಡಿಯ ಅಂಚಿಗೆ ಹಾಕಿ. ಒಣ ಗುಂಪಿಗೆ ದಕ್ಷಿಣದ ಆ 30 ಸೆಂ.ಮೀ. ಪಟ್ಟಿ ಹೇಳಿ ಮಾಡಿಸಿದ ಹಾಗಿದೆ.

ಪುದೀನ ನೆಲಕ್ಕೆ ಬೇಡವೇ ಬೇಡ. ಕುಂಡದಲ್ಲೇ ಇರಲಿ. ಕುಂಡವನ್ನು ಮಡಿಯಲ್ಲಿ ಹೂತರೆ ಕಂಠ 5 ಸೆಂ.ಮೀ. ಮೇಲಿರಬೇಕು, ಎರಡು ತಿಂಗಳಿಗೊಮ್ಮೆ ಎತ್ತಿ ತಳದ ತೂತಿನಿಂದ ಹೊರಟ ಬೇರು ಕತ್ತರಿಸಬೇಕು. ನಿಂಬೆಹುಲ್ಲು ಒಂದು ಮೀಟರ್ ಹರಡುತ್ತೆ, ಅದಕ್ಕೆ ಮಡಿಯ ನಡುವೆ ಜಾಗ ಕೊಟ್ಟರೆ ಪಕ್ಕದ್ದೆಲ್ಲ ಮುಚ್ಚಿಹೋಗುತ್ತೆ.

ಬೀಜಗೂಡೆ
ಬೋಳಾಗುವ ಪ್ರಶ್ನೆಗೆ ಬೇಲಿ ಅರ್ಧ ಉತ್ತರ ಅಷ್ಟೇ. ಉಳಿದರ್ಧ ಸಸಿ ತಟ್ಟೆಯಲ್ಲಿದೆ. ಮಡಿಯಿಂದ ಏನನ್ನೇ ಕೀಳುವ ಹೊತ್ತಿಗೆ ಅದರ ಜಾಗಕ್ಕೆ ಹೋಗುವ ಸಸಿ ತಟ್ಟೆಯಲ್ಲಿ 4-5 ಎಲೆ ಬಿಟ್ಟು ಕಾಯ್ತಾ ಇರಬೇಕು. ಕಿತ್ತ ಮೇಲೆ ಬೀಜ ಹುಡುಕಲು ಹೋದರೆ ಆ ಜಾಗ ಆರು ವಾರ ಖಾಲಿ. ಲೆಟ್ಯೂಸ್, ಕೊತ್ತಂಬರಿ ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿ. ಒಂದೇ ಸಲ ಬಿತ್ತಿದರೆ ಎಲ್ಲ ಒಟ್ಟಿಗೇ ಹೂದಂಟು ಬಿಡುತ್ತೆ. ಕೊತ್ತಂಬರಿಯನ್ನು ಮಾತ್ರ ತಟ್ಟೆಯಲ್ಲಿ ಬೆಳೆಸಿ ಕಿತ್ತು ನೆಡಬೇಡಿ, ಬೇರು ಅಲುಗಿದರೆ ಬೇಗ ಹೂ ಬಿಡುತ್ತೆ. ನೇರ ಮಡಿಗೇ ಬಿತ್ತಿ. ಲೆಟ್ಯೂಸ್ ಬೀಜ 30 ಡಿಗ್ರಿ ದಾಟಿದ ಮಣ್ಣಲ್ಲಿ ಮೊಳೆಯೋದು ಕಷ್ಟ, ತಟ್ಟೆಯನ್ನು ತಂಪು ಜಾಗದಲ್ಲಿಡಿ. ಬೀಜಕ್ಕೆ ಬೆಳಕು ಬೇಕು, ಆಳಕ್ಕೆ ಹೂಳಬೇಡಿ. ಪಾರ್ಸ್ಲಿ ಮೊಳೆಯೋಕೆ ಮೂರು ನಾಲ್ಕು ವಾರ ಬೇಕು, ಸತ್ತುಹೋಯ್ತು ಅಂತ ತಟ್ಟೆ ಬಗ್ಗಿಸಬೇಡಿ.

ಕೊಯ್ಯುವ ರೀತಿಯೂ ಮುಖ್ಯ. ಚಾರ್ಡ್, ಕೇಲ್, ಲೆಟ್ಯೂಸ್ ಥರದ ಸೊಪ್ಪುಗಳ ಹೊರಗಿನ ಎರಡು ಮೂರು ಎಲೆ ಮುರಿದು ನಡುವಿನ ಕುಡಿ ಬಿಟ್ಟರೆ ತಿಂಗಳುಗಟ್ಟಲೆ ಗಿಡ ಅಲ್ಲೇ ನಿಂತಿರುತ್ತೆ. ಇಡಿಯಾಗಿ ಕೀಳಬೇಕಾದ ಎಲೆಕೋಸು, ಬೀಟ್‌ರೂಟ್ ಇದ್ದರೆ ಸಾಲು ಖಾಲಿ ಮಾಡದೆ ಒಂದು ಬಿಟ್ಟು ಒಂದು ತೆಗೆಯಿರಿ. ಎಲೆಕೋಸಿಗೆ 45 ಸೆಂ.ಮೀ. ಅಂತರ ಬೇಕು, ಆದರೆ ಸಸಿ ಪುಟ್ಟದಿರುವಾಗ ನಡುವೆ ಮೂಲಂಗಿ ಬಿತ್ತಿ. ಒಂದು ತಿಂಗಳಲ್ಲಿ ಮೂಲಂಗಿ ಎದ್ದುಹೋಗುತ್ತೆ, ಅಷ್ಟರಲ್ಲಿ ಎಲೆಕೋಸು ಆ ಜಾಗ ತುಂಬಿಕೊಳ್ಳುತ್ತೆ.

ಹಳೇಬೇರು
ಒಂದು ಬಿಟ್ಟು ಒಂದು ಕೀಳೋದು ಒಪ್ಪಿದೆ. ಅದು ಸಾಲಿನಲ್ಲೂ ಆಗುತ್ತೆ, ಅದಕ್ಕೆ ಎಂಟು ಮೂಲೆಯ ಅಂಗಳ ಬೇಕಿಲ್ಲ.

ಬಣ್ಣದಬುಟ್ಟಿ
ಕೇಳಿದವರಿಗೆ ಅಂದ ಬೇಕು, ಅದಕ್ಕೇ ಕೇಳಿದ್ದು.

ಬಣ್ಣದ ವಿಷಯ ಹೇಳ್ತೀನಿ. ಹೂವಿನ ಬಣ್ಣ ಬಂದು ಹೋಗುತ್ತೆ, ಎಲೆ ಮತ್ತು ದಂಟಿನ ಬಣ್ಣ ನೆಚ್ಚಿಕೊಳ್ಳಿ. ಕೆಂಪು ಹರಿವೆ, ಹಳದಿ-ಗುಲಾಬಿ ದಂಟಿನ ಚಾರ್ಡ್, ನೇರಳೆ ಎಲೆಕೋಸು, ಕಡುಹಸಿರು ಕೇಲ್, ನೇರಳೆ ಕಾಮಕಸ್ತೂರಿ, ನಯವಾದ ಗರಿಯಂಥ ಸಬ್ಬಸಿಗೆ. ಒಂದೊಂದು ಜಾತಿಯದು ಒಂದೊಂದೇ ಗಿಡ ಚೆಲ್ಲಿದರೆ ಗೊಂದಲ ಕಾಣುತ್ತೆ, ಐದೋ ಏಳೋ ಒಟ್ಟಿಗೆ ನೆಟ್ಟರೆ ಬಣ್ಣ ನಿಲ್ಲುತ್ತೆ. ನೇರಳೆ ಎಲೆಕೋಸಿನ ಪಕ್ಕ ಸಬ್ಬಸಿಗೆ ಹಾಕಿ ನೋಡಿ, ಒಂದರ ದಪ್ಪ ಎಲೆಗೆ ಇನ್ನೊಂದರ ಎಳೆ ಎಲೆ ಎಷ್ಟು ಒಪ್ಪುತ್ತೆ. ಕೆಂಪು ಎಲೆಯವು ನೆರಳಲ್ಲಿ ಹಸಿರಿಗೆ ತಿರುಗುತ್ತವೆ, ಅವಕ್ಕೆ ಪೂರ್ತಿ ಬಿಸಿಲು ಕೊಡಿ. ಗೋಡೆಗೆ ಕೆಂಪು ದಂಟಿನ ಬಸಳೆ, ನೇರಳೆ ಕಾಯಿಯ ಅವರೆ. ಬೆಂಡೆ ಹೂ ದಾಸವಾಳದಷ್ಟೇ ಚೆಂದ, ಅದೂ ಅದೇ ಕುಟುಂಬ ತಾನೇ.

ಬಳ್ಳಿಚಪ್ಪರ
ಗೋಡೆಗೆ ನೇರ ಬಳ್ಳಿ ಹಬ್ಬಿಸಬೇಡಿ. ಗೋಡೆಯಿಂದ 15 ಸೆಂ.ಮೀ. ಮುಂದಕ್ಕೆ ಹಂದರ ನಿಲ್ಲಿಸಿ. ಗಾಳಿ ಆಡದಿದ್ದರೆ ಬೂದಿ ರೋಗ, ಕಾದ ಗೋಡೆಗೆ ತಾಗಿದ ಕುಡಿ ಸುಡುತ್ತೆ. ಕಂಬ 2.4 ಮೀ. ಇದ್ದರೆ 60 ಸೆಂ.ಮೀ. ಹೂಳಿ. ಜಾಲರಿಯ ಕಣ್ಣು 15 ಸೆಂ.ಮೀ. ಇರಲಿ, ಸಣ್ಣದಾದರೆ ಕಾಯಿ ಕಣ್ಣೊಳಗೆ ಸಿಕ್ಕಿ ಬೆಳೆದು ಸೊಟ್ಟಗಾಗುತ್ತೆ, ಕೈಯೂ ತೂರಲ್ಲ. ಸೆಣಬಿನ ಹುರಿ ಬೀನ್ಸ್‌ಗೆ ಸಾಕು. ಸೋರೆ, ಕುಂಬಳಕ್ಕೆ ತಂತಿ ಜಾಲರಿಯೇ ಬೇಕು. ಎತ್ತರದವು ಉತ್ತರಕ್ಕೆ ಅನ್ನುವ ನಿಯಮ ನಿಮ್ಮ ಗೋಡೆಗೆ ಸರಿಹೊಂದುತ್ತೆ.

ಹನಿಹನಿ
ಆ ನಿಯಮ ಉತ್ತರಾರ್ಧಗೋಳಕ್ಕೆ ಮಾತ್ರ. ದಕ್ಷಿಣಾರ್ಧದಲ್ಲಿ ತಿರುವುಮುರುವು. ಉಷ್ಣವಲಯದಲ್ಲಿ ವರ್ಷದ ಒಂದಷ್ಟು ಕಾಲ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಇರುತ್ತಾನೆ, ಆಗ ಗೋಡೆಯ ನೆರಳೇ ಮಡಿಗೆ ಬೀಳಬಹುದು. ಆಯಾ ಕಾಲದ ನೆರಳನ್ನು ಬೆಳಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ಗುರುತು ಹಾಕಿಕೊಳ್ಳೋದು ಎಲ್ಲಕ್ಕಿಂತ ಖಾತ್ರಿ.

ಈಗ ನೀರು. ವಾರಕ್ಕೆ ಚದರ ಮೀಟರಿಗೆ ಸುಮಾರು 25 ಲೀಟರ್, ಸುಡುಬಿಸಿಲಲ್ಲಿ ಇನ್ನೂ ಹೆಚ್ಚು. ನಿಮ್ಮ ಒಂದು ಮಡಿ 2.88 ಚದರ ಮೀಟರ್, ಅಂದರೆ ವಾರಕ್ಕೆ 72 ಲೀಟರ್. ಉದ್ದಕ್ಕೆ ಮೂರು ಹನಿ ಕೊಳವೆ, 30 ಸೆಂ.ಮೀ.ಗೊಂದು ತೂತು, ಪ್ರತಿ ತೂತಿಗೆ ಗಂಟೆಗೆ 2 ಲೀಟರ್. ಒಟ್ಟು 24 ತೂತು, ಗಂಟೆಗೆ 48 ಲೀಟರ್. ವಾರಕ್ಕೆ ಮೂರು ಸಲ ಅರ್ಧರ್ಧ ಗಂಟೆ ಬಿಟ್ಟರೆ ಲೆಕ್ಕ ಚುಕ್ತಾ. ಶುರುವಿನಲ್ಲಿ ಜಾಲರಿ ಶೋಧಕ ಹಾಕಿ, ಕೊಳವೆ ತುದಿಗೆ ಬಿಚ್ಚುವ ಮುಚ್ಚಳ ಇಟ್ಟು ತಿಂಗಳಿಗೊಮ್ಮೆ ಕೊಳೆ ಹೊರಬಿಡಿ. ಕಟ್ಟಿಕೊಂಡ ಒಂದು ತೂತು ಗೊತ್ತಾಗೋದು ಗಿಡ ಬಾಡಿದ ಮೇಲೆ. ಒಣ ಮೂಲಿಕೆ ಪಟ್ಟಿಗೆ ಬೇರೆಯೇ ನಲ್ಲಿ ಕೊಡಿ.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆತರೆ ಸುಣ್ಣ ಸುರಿಯಲು ಓಡಬೇಡಿ. ಬಹುತೇಕ ಸಲ ಮಣ್ಣಲ್ಲಿ ಕ್ಯಾಲ್ಸಿಯಂ ಇರುತ್ತೆ, ನೀರು ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ಆಗಿ ಕಾಯಿಗೆ ತಲುಪಿರಲ್ಲ.

ಸೊಪ್ಪಿನಮಡಿ
ಟೊಮೆಟೊ ಪಕ್ಕ ಕಾಮಕಸ್ತೂರಿ ನೆಟ್ಟರೆ ಹಣ್ಣಿನ ರುಚಿ ಹೆಚ್ಚುತ್ತೆ, ಸುತ್ತ ಚೆಂಡುಹೂ ಹಾಕಿದರೆ ಬೇರಿಗೆ ಬೀಳುವ ಜಂತುಹುಳ (ನೆಮಟೋಡ್) ಬರಲ್ಲ ಅಂತಾರೆ, ಅದನ್ನೂ ಸೇರಿಸಿಕೊಳ್ಳಿ.

ಎರೆಹುಳ
ರುಚಿಯ ಮಾತಿಗೆ ಆಧಾರ ಇಲ್ಲ. ಚೆಂಡುಹೂವಿನದು ಅರ್ಧ ಸತ್ಯ. ಬೇರುಗಂಟು ಜಂತುಹುಳ ತಗ್ಗಬೇಕಾದರೆ ಗಿಡ್ಡ ಜಾತಿಯ ಚೆಂಡುಹೂವನ್ನು ಇಡೀ ಮಡಿಗೆ ದಟ್ಟವಾಗಿ ಬೆಳೆದು, ಎರಡು ತಿಂಗಳಾದರೂ ಬಿಟ್ಟು, ಆಮೇಲೆ ತರಕಾರಿ ಹಾಕಬೇಕು. ಅಂಚಿಗೆ ನಾಲ್ಕು ಗಿಡ ನೆಟ್ಟರೆ ಅಂದ ಬರುತ್ತೆ, ಜಂತುಹುಳಕ್ಕೆ ಏನೂ ಆಗಲ್ಲ. ಅಲಿಸಮ್ ಹೂ ಮಾತ್ರ ಕೆಲಸ ಮಾಡುತ್ತೆ. ಅದರ ಮಕರಂದಕ್ಕೆ ಬರುವ ಹೂನೊಣಗಳ ಮರಿ ಗಿಡಹೇನು ತಿನ್ನುತ್ತೆ. ಲೆಟ್ಯೂಸ್ ನಡುವೆ ಒಂದೆರಡು ಅಲಿಸಮ್ ಸಾಕು.

ಸೊಪ್ಪಿನಮಡಿ
ಕಾಮಕಸ್ತೂರಿಗೂ ಟೊಮೆಟೊಗೂ ಬೇಕಾದ ನೀರು, ಬಿಸಿಲು ಒಂದೇ. ಅಕ್ಕಪಕ್ಕ ಇಡೋಕೆ ಅಷ್ಟು ಕಾರಣ ಸಾಕಲ್ಲ?

ಎರೆಹುಳ
ಸಾಕು, ಒಪ್ಪುತ್ತೇನೆ.

ಕಳೆಗುದ್ದಲಿ
ಹೂ ಬೆರೆಸುವಾಗ ವಿಷದ ಗಿಡಗಳನ್ನು ದೂರ ಇಡಿ. ಕಣಗಿಲೆ, ಉಮ್ಮತ್ತಿ ಈ ಬೇಲಿಯೊಳಗೆ ಬರಬಾರದು. ಸ್ವೀಟ್ ಪೀ ಹೂಬಳ್ಳಿ ಬಟಾಣಿಯಂತೆಯೇ ಕಾಣುತ್ತೆ, ಆದರೆ ಅದರ ಕಾಳು ವಿಷ. ಎರಡನ್ನೂ ಒಂದೇ ಹಂದರಕ್ಕೆ ಹಬ್ಬಿಸಲೇಬೇಡಿ, ಮಕ್ಕಳು ಕಿತ್ತು ಬಾಯಿಗೆ ಹಾಕುತ್ತಾರೆ. ಫಾಕ್ಸ್‌ಗ್ಲೋವ್ ಅನ್ನುವ ವಿಷದ ಹೂಗಿಡದ ಎಳೆ ಎಲೆಯನ್ನು ಕಾಂಫ್ರಿ ಮೂಲಿಕೆ ಅಂತ ತಪ್ಪು ತಿಳಿದು ವಿಷವೇರಿದ ಪ್ರಕರಣಗಳಿವೆ. ತಿನ್ನಲು ನ್ಯಾಸ್ಟರ್ಶಿಯಂ, ಕ್ಯಾಲೆಂಡುಲ ಹೂ ಇವೆ, ಅವೂ ಬೀಜದಿಂದ ನೀವೇ ಬೆಳೆದದ್ದಾಗಿರಲಿ. ನರ್ಸರಿಯ ಹೂಗಿಡಕ್ಕೆ ಏನು ಸಿಂಪಡಿಸಿರುತ್ತಾರೋ ತಿಳಿಯಲ್ಲ.

ಚಿಗುರೆಲೆ
ಇಷ್ಟೆಲ್ಲ ಬರೆದುಕೊಂಡೆ. ಎರಡು ಪ್ರಶ್ನೆ ಉಳಿದಿವೆ. ಮೊದಲ ಸಲಕ್ಕೆ ಎಷ್ಟು ಬಗೆ ಹಾಕಲಿ? ಹೀಗೆ ಬೆರೆಸಿ ನೆಟ್ಟರೆ ಬೆಳೆ ಪರಿವರ್ತನೆ ಹೇಗೆ?

ಬೀಜಗೂಡೆ
ಎಂಟು ಹತ್ತು ಬಗೆ, ಹೆಚ್ಚು ಬೇಡ. ನಾಲ್ಕರಲ್ಲಿ ಎರಡೇ ಮಡಿ ಬೆಳೆಗೆ ಬಿಡಿ. ಉಳಿದೆರಡಕ್ಕೆ ಗೊಬ್ಬರ ಹಾಸಿ ದಟ್ಟವಾಗಿ ಮೆಂತ್ಯ ಎರಚಿ. ಕಳೆ ತಡೆಯುತ್ತೆ, ನೋಡೋಕೂ ಹಸಿರು, ಸೊಪ್ಪೂ ಸಿಗುತ್ತೆ.

ಪರಿವರ್ತನೆಗೆ ಪ್ರತಿ ಮಡಿಗೆ ಒಂದು ಮುಖ್ಯ ಕುಟುಂಬ ಗೊತ್ತು ಮಾಡಿ: ಟೊಮೆಟೊ-ಬದನೆ-ಮೆಣಸಿನಕಾಯಿ ಒಂದು, ಕೋಸು-ಮೂಲಂಗಿ ಒಂದು, ಬೀನ್ಸ್-ಬಟಾಣಿ ಒಂದು, ಈರುಳ್ಳಿ-ಬೆಳ್ಳುಳ್ಳಿ ಜೊತೆ ಗಡ್ಡೆ ಒಂದು. ವರ್ಷಕ್ಕೊಂದು ಮಡಿ ಮುಂದಕ್ಕೆ ಸರಿಸಿ. ಸೊಪ್ಪು, ಹೂ ಎಲ್ಲಿ ಬೇಕಾದರೂ ನುಸುಳಲಿ.

ಎರೆಹುಳ
ಒಂದು ತಿದ್ದುಪಡಿ. ನಾಲ್ಕು ಹೆಜ್ಜೆ ದೂರದ ಮಡಿಗೆ ಸರಿಸಿದರೆ ಹಾರುವ ಕೀಟಕ್ಕೆ ಏನೂ ತೊಂದರೆ ಇಲ್ಲ, ಅದು ಹುಡುಕಿ ಬರುತ್ತೆ. ಪರಿವರ್ತನೆಯ ಲಾಭ ಇರೋದು ಮಣ್ಣಿನ ರೋಗಕ್ಕೆ. ಅದೂ ಗುದ್ದಲಿಗೆ ಅಂಟಿದ ಮಣ್ಣು ಒಂದು ಮಡಿಯಿಂದ ಇನ್ನೊಂದಕ್ಕೆ ಹೋದರೆ ವ್ಯರ್ಥ. ಸೊರಗು ರೋಗ ಕಂಡ ಗಿಡವನ್ನು ಬೇರುಸಮೇತ ಕಿತ್ತು ಹೊರಹಾಕಿ, ಉಪಕರಣ ತೊಳೆದು ಒಣಗಿಸಿ, ಆಮೇಲೆ ಮುಂದಿನ ಮಡಿಗೆ ಕೈ ಹಾಕಿ.

ಬಣ್ಣದಬುಟ್ಟಿ
ಮೆಂತ್ಯದ ಬದಲು ಕೆಂಪು ಹರಿವೆ ಎರಚಿದರೆ ಇನ್ನೂ ಚೆಂದ.

ಬೀಜಗೂಡೆ
ಚೆಂದವೇ, ಆದರೆ ಹೂವಾಗೋಕೆ ಬಿಡಬೇಡಿ. ಬೀಜ ಉದುರಿದರೆ ದಾರಿಯಲ್ಲೂ ಅದೇ ಏಳುತ್ತೆ. ಮೆಂತ್ಯ ದ್ವಿದಳ, ಕೊಯ್ದ ಮೇಲೆ ಬೇರನ್ನು ಮಣ್ಣಲ್ಲೇ ಬಿಡಬಹುದು.

ಹಳೇಬೇರು
ಗೊಂಡೆಹುಳಕ್ಕೆ ಏನು ಮಾಡ್ತೀರಿ? ಮರದ ಚಕ್ಕೆ, ಅಂಚುಗಿಡ, ಒದ್ದೆ ಮಡಿ, ಎಲ್ಲ ಅದಕ್ಕೆ ಬೇಕಾದದ್ದೇ.

ಹನಿಹನಿ
ನೀರು ಬೆಳಗ್ಗೆ ಬಿಡಿ, ಸಂಜೆ ಬಿಟ್ಟರೆ ರಾತ್ರಿಯಿಡೀ ಮೇಲ್ಮಣ್ಣು ಒದ್ದೆ. ಮಣ್ಣಿನ ಮೇಲೆ ಹಾಸುವ ಮುಚ್ಚಿಗೆ (ಮಲ್ಚ್) ಸಸಿಯ ಬುಡದಿಂದ 5 ಸೆಂ.ಮೀ. ದೂರ ಇರಲಿ. ಮಡಿ ಅಂಚಲ್ಲಿ ಒಂದು ಹಲಗೆ ಒದ್ದೆ ಮಾಡಿ ಬೋರಲು ಇಡಿ, ಬೆಳಗಾಗುವಷ್ಟರಲ್ಲಿ ಅದರಡಿ ಸೇರಿರುತ್ತವೆ, ಆರಿಸಿ ತೆಗೆಯಿರಿ. ಎಳೆ ಲೆಟ್ಯೂಸ್ ನೆಟ್ಟ ಮೊದಲ ಎರಡು ವಾರ ಇದನ್ನು ದಿನಾ ಮಾಡಿದರೆ ಸಾಕು, ಆಮೇಲೆ ಗಿಡ ತಡಕೊಳ್ಳುತ್ತೆ.

ಹಳೇಬೇರು
ಹಲಗೆ ಉಪಾಯ ಸರಿ ಇದೆ. ಉಪ್ಪು ಹಾಕಿ ಅಂತ ಮಾತ್ರ ಯಾರೂ ಹೇಳಬೇಡಿ, ಮಣ್ಣು ಕೆಡುತ್ತೆ.